ಸಹಿಗೆ ಮುನ್ನ 14 ದಿನ

ಮೆಲ್ಬರ್ನ್ ನಗರದಲ್ಲಿ ವೈದ್ಯನಾಗಿರುವ ನಾನು ರೋಗಿಗಳಿಗೆ ನಿತ್ಯವೂ ಹೇಳುವ ಮಾತೊಂದಿದೆ: "ಓದದೆ ಸಹಿ ಹಾಕಬೇಡಿ." ಆದರೆ ನನ್ನ ಸೋದರಳಿಯ ತನ್ನ ಬದುಕಿನ ಅತಿ ದೊಡ್ಡ ಒಪ್ಪಂದಕ್ಕೆ ಸಹಿ ಹಾಕಿದಾಗ ಪಕ್ಕದಲ್ಲೇ ಕುಳಿತಿದ್ದ ನಾನು ಆ ಮಾತನ್ನು ಹೇಳಲಿಲ್ಲ.

ಅವನು ವಿದ್ಯಾರ್ಥಿಯಾಗಿ ಬಂದು, ಲೆಕ್ಕಶಾಸ್ತ್ರ ಓದಿ, ಕಾಯಂ ವಾಸದ ಅನುಮತಿ ಪಡೆದವನು. ಕಾಫಿ ಅಂಗಡಿಗಳ ಸರಣಿಯೊಂದರ ಫ್ರಾಂಚೈಸಿ ಕೊಳ್ಳುವ ಆಸೆ ಅವನಿಗೆ. ಇದರಲ್ಲಿ ಹೆಸರು, ಪಾಕವಿಧಾನ, ವ್ಯಾಪಾರದ ಕ್ರಮ ಕಂಪನಿಯವು. ಬಂಡವಾಳ, ದುಡಿಮೆ, ಅಂಗಡಿಯ ಬಾಡಿಗೆಯ ಹೊಣೆ ಕೊಳ್ಳುವವನವು. ಮಾರಾಟದಲ್ಲಿ ಒಂದು ಪಾಲು ರಾಯಧನವಾಗಿ ಕಂಪನಿಗೆ ಸಲ್ಲುತ್ತದೆ. ತೀರ್ಥಹಳ್ಳಿಯಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ಕೇಳಿದಳು: "ನೀನು ನೋಡಿದ್ದೀಯಾ? ಸರಿ ಇದೆಯಾ?" "ಸರಿ ಇದೆ ಅಕ್ಕ" ಎಂದೆ. ಅಡಿಕೆ ತೋಟದ ಒಂದು ಭಾಗ ಮಾರಾಟವಾಯಿತು.

ಕಂಪನಿಯ ಪ್ರತಿನಿಧಿ ವಾರದ ಮಾರಾಟ ಇಷ್ಟಾಗುತ್ತದೆ, ಕೈಗೆ ಇಷ್ಟು ಉಳಿಯುತ್ತದೆ ಎಂದು ಕಾಗದದ ಕರವಸ್ತ್ರದ ಮೇಲೆ ಲೆಕ್ಕ ಬರೆದು ತೋರಿಸಿದ್ದ. ಅಂಗಡಿ ತೆರೆದ ಮೇಲೆ ಅದರ ಅರ್ಧದಷ್ಟು ಮಾರಾಟವೂ ಆಗಲಿಲ್ಲ. ಅದೇ ಜಾಗದಲ್ಲಿ ಹಿಂದಿನ ಫ್ರಾಂಚೈಸಿದಾರನೂ ಸೋತು ಹೋಗಿದ್ದನೆಂಬುದು ನೆರೆಯ ಅಂಗಡಿಯವರಿಂದ ತಿಳಿಯಿತು. ಹದಿನೈದು ತಿಂಗಳಲ್ಲಿ ಹುಡುಗನ ರಕ್ತದೊತ್ತಡ ಏರಿತು, ನಿದ್ರೆ ಹೋಯಿತು. ಮಾತ್ರೆ ಬರೆದುಕೊಡುವುದು ಇದಕ್ಕೆ ಚಿಕಿತ್ಸೆಯಲ್ಲವೆಂದು ಅರಿತು ಅವನನ್ನು ವಕೀಲರ ಬಳಿ ಕರೆದೊಯ್ದೆ.

ಅಲ್ಲಿ ಕಲಿತದ್ದನ್ನು ಇಲ್ಲಿಗೆ ಬರಲಿರುವವರಿಗಾಗಿ ಬರೆಯುತ್ತಿದ್ದೇನೆ.

ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ 18ನೆಯ ಕಲಮು ವ್ಯಾಪಾರದಲ್ಲಿ ದಾರಿ ತಪ್ಪಿಸುವ ನಡವಳಿಕೆಯನ್ನು ನಿಷೇಧಿಸುತ್ತದೆ. ಮೋಸದ ಉದ್ದೇಶವಿತ್ತೆಂದು ಸಾಬೀತುಪಡಿಸಬೇಕಾಗಿಲ್ಲ. ಹೇಳಿದ ಮಾತು ದಾರಿ ತಪ್ಪಿಸುವಂತಿತ್ತು, ಅದನ್ನು ನಂಬಿ ನಷ್ಟವಾಯಿತು ಎಂದು ತೋರಿಸಬೇಕು. ಹೇಳಬೇಕಾದುದನ್ನು ಮುಚ್ಚಿಟ್ಟ ಮೌನವೂ ಕೆಲವೊಮ್ಮೆ ಇದೇ ತಪ್ಪಾಗುತ್ತದೆ. ಮುಂದಿನ ಆದಾಯದ ಬಗ್ಗೆ ಭರವಸೆ ನೀಡುವವನಿಗೆ ಅದಕ್ಕೆ ಸಮಂಜಸವಾದ ಆಧಾರವಿರಬೇಕು. ಆಧಾರವಿತ್ತೆಂಬುದಕ್ಕೆ ಸಾಕ್ಷ್ಯ ಒದಗಿಸಬೇಕಾದವನು ಭರವಸೆ ನೀಡಿದವನೇ.

"ಹೊರಗಿನ ಯಾವ ಮಾತನ್ನೂ ನಂಬಿ ನಾನು ಸಹಿ ಹಾಕಿಲ್ಲ" ಎಂಬ ವಾಕ್ಯವೊಂದು ನಮ್ಮ ಒಪ್ಪಂದದಲ್ಲಿತ್ತು. ಅದನ್ನು ಕಂಡು ನಾನು ಕೈಚೆಲ್ಲಿದ್ದೆ. ವಕೀಲರು 1988ರ ಹೆಂಜೊ ಪ್ರಕರಣವನ್ನು ವಿವರಿಸಿದರು. ಅದು ರೆಸ್ಟೋರೆಂಟೊಂದರ ಮಾರಾಟದ ವ್ಯಾಜ್ಯ. 128 ಆಸನಗಳಿದ್ದ ಅದಕ್ಕೆ ಅನುಮತಿಯಿದ್ದುದು 84ಕ್ಕೆ ಮಾತ್ರ. ಕೊಂಡವರಿಗೆ ಅದನ್ನು ತಿಳಿಸಿರಲಿಲ್ಲ. ಒಪ್ಪಂದದಲ್ಲಿದ್ದ ಇಂಥದೇ ವಾಕ್ಯಗಳು ಮಾರಿದವರನ್ನು ಕಾಪಾಡಲಿಲ್ಲ.

ಕಾನೂನು ಕೊಡುವ ಪರಿಹಾರಗಳು ಹಲವು: ನಷ್ಟಭರ್ತಿ, ಒಪ್ಪಂದವನ್ನು ರದ್ದುಗೊಳಿಸುವ ಅಥವಾ ಬದಲಿಸುವ ಆದೇಶ, ಹಣ ಮರಳಿಸುವ ಆದೇಶ. ನಷ್ಟಭರ್ತಿ ಕೇಳಲು ಆರು ವರ್ಷಗಳ ಅವಧಿಯಿದೆ. ಆದರೆ ಕೊಂಡವನು ತಕ್ಕಷ್ಟು ಎಚ್ಚರ ವಹಿಸದಿದ್ದರೆ ನ್ಯಾಯಾಲಯ ಮೊತ್ತವನ್ನು ಇಳಿಸಬಹುದು. ಗೆದ್ದರೂ, ಎದುರಿನ ಕಂಪನಿ ದಿವಾಳಿಯಾದರೆ ಕೈಗೆ ಬರುವುದು ತೀರ್ಪಿನ ಪ್ರತಿ ಮಾತ್ರ.

ಆದ್ದರಿಂದಲೇ ಸಹಿಗೆ ಮುಂಚಿನ ರಕ್ಷಣೆ ದೊಡ್ಡದು. ಫ್ರಾಂಚೈಸಿ ಸಂಹಿತೆಯ ಪ್ರಕಾರ ಕಂಪನಿ ತನ್ನ ಸಂಗತಿಗಳನ್ನು ಬಹಿರಂಗಪಡಿಸುವ ದಾಖಲೆಯನ್ನು ಸಹಿಗೆ ಕನಿಷ್ಠ 14 ದಿನ ಮುಂಚೆ ಕೊಡಬೇಕು. ಹೊಸದಾಗಿ ಕೊಂಡವನು ಸಹಿಯ ನಂತರವೂ 14 ದಿನಗಳೊಳಗೆ ಹಿಂದೆ ಸರಿಯಬಹುದು. ಹಳೆಯ ಫ್ರಾಂಚೈಸಿದಾರರ ವಿವರ ಆ ದಾಖಲೆಯಲ್ಲಿರುತ್ತದೆ. ಬಿಟ್ಟುಹೋದವರಿಗೆ ಫೋನ್ ಮಾಡಿ. ಸ್ವತಂತ್ರ ವಕೀಲರ, ಲೆಕ್ಕಪರಿಶೋಧಕರ ಸಲಹೆ ಪಡೆದಿದ್ದೇನೆ ಅಥವಾ ಬೇಡವೆಂದು ತೀರ್ಮಾನಿಸಿದ್ದೇನೆ ಎಂದು ಬರೆದುಕೊಡಬೇಕಾಗುತ್ತದೆ. ನನ್ನ ಅಳಿಯ ಎರಡನೆಯದಕ್ಕೆ ಗುರುತು ಹಾಕಿದ್ದ. ಲೆಕ್ಕಶಾಸ್ತ್ರ ಓದಿದವನು ತಾನೇ ಇದ್ದೇನೆ, ಮಾವ ಡಾಕ್ಟರು ಪಕ್ಕದಲ್ಲಿದ್ದಾರೆ, ಇನ್ನಾರ ಸಲಹೆ ಬೇಕೆಂಬ ಧೈರ್ಯ!

ಈ ದೇಶದ ವೈದ್ಯರೆಲ್ಲರಿಗೂ 1992ರ ರೋಜರ್ಸ್ ವಿರುದ್ಧ ವಿಟೇಕರ್ ತೀರ್ಪು ಗೊತ್ತು. ಶಸ್ತ್ರಚಿಕಿತ್ಸೆಯಿಂದ ಇನ್ನೊಂದು ಕಣ್ಣಿಗೂ ಅಪಾಯವಾಗುವ ಸಾಧ್ಯತೆ ಸುಮಾರು 14,000ಕ್ಕೆ ಒಂದು. ಅದನ್ನೂ ರೋಗಿಗೆ ತಿಳಿಸಬೇಕಿತ್ತೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. ತಿಳಿಸದೆ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಕಿರಿಯ ವೈದ್ಯರಿಗೆ ಪಾಠ ಮಾಡುವ ನಾನು, ನನ್ನ ಮನೆಯ ಹುಡುಗನ ಒಪ್ಪಿಗೆಯ ಬಗ್ಗೆ ಕೇಳಬೇಕಾದ ಪ್ರಶ್ನೆಗಳನ್ನು ಕೇಳಲಿಲ್ಲ.

ವಕೀಲರು ಕೇಳಿದ ಮೊದಲ ಪ್ರಶ್ನೆ: "ಆ ಲೆಕ್ಕ ಬರೆದ ಕಾಗದ ಎಲ್ಲಿದೆ?" ಅದು ಎಂದೋ ಕಸಕ್ಕೆ ಸೇರಿತ್ತು, ಹುಡುಗ ಫೋನನ್ನೂ ಬದಲಿಸಿದ್ದ. ಅರೆಕ್ಷಣ ಸುಮ್ಮನಿದ್ದು, "ಮಾವ, ಅದರ ಫೋಟೋವನ್ನು ಅಮ್ಮನಿಗೆ ಕಳಿಸಿದ್ದೆ" ಎಂದ. ತೀರ್ಥಹಳ್ಳಿಯಲ್ಲಿ ಆಗ ರಾತ್ರಿ ಕಳೆದು ಬೆಳಗಾಗುತ್ತಿತ್ತು. ಅಕ್ಕ ವಾಟ್ಸ್ಯಾಪ್ ಹುಡುಕಿದಳು. ದಿನಾಂಕ ಸಮೇತ ಫೋಟೋ ಅಲ್ಲಿತ್ತು; ಅದರ ಕೆಳಗೆ ಮಗ ಬರೆದ ಸಾಲೂ ಇತ್ತು: "ಕಂಪನಿಯವರೇ ಬರೆದುಕೊಟ್ಟ ಲೆಕ್ಕ ಅಮ್ಮ."

ನ್ಯಾಯಾಲಯದ ಮೆಟ್ಟಿಲೇರಲಿಲ್ಲ. ಸಂಹಿತೆಯಲ್ಲಿ ಹೇಳಿರುವಂತೆ ಲಿಖಿತ ದೂರು ಕೊಟ್ಟು, 21 ದಿನ ಕಾದು, ಮಧ್ಯಸ್ಥಿಕೆಗೆ ಹೋದೆವು. ಸಣ್ಣ ಉದ್ಯಮಗಳ ಒಂಬುಡ್ಸ್‌ಮನ್ ಕಚೇರಿ ಮಧ್ಯಸ್ಥರನ್ನು ನೇಮಿಸಿಕೊಡುತ್ತದೆ. ಒಂದು ದಿನದ ಮಾತುಕತೆಯ ಕೊನೆಗೆ ಹಣದ ಒಂದು ಭಾಗ ಮರಳಿತು, ಉಳಿದ ವರ್ಷಗಳ ಬಾಡಿಗೆಯ ಹೊಣೆ ತಪ್ಪಿತು. ತೋಟ ಮರಳಲಿಲ್ಲ.

ಹುಡುಗ ಈಗ ನೌಕರಿಯಲ್ಲಿದ್ದಾನೆ, ನಿದ್ರೆ ಮಾಡುತ್ತಾನೆ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋದಾಗ ಅಕ್ಕನ ಬಳಿ ಕ್ಷಮೆ ಕೇಳಿದೆ. ಅವಳು ಕಾಫಿ ಲೋಟ ಮುಂದಿಟ್ಟು, "ಹಳೇ ಫೋಟೋ ಅಳಿಸೋದು ನನಗೆ ಗೊತ್ತಿಲ್ಲದ್ದು ಒಳ್ಳೇದಾಯ್ತು. ಇನ್ನು ಮೇಲೆ ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತ ಹೇಳು" ಎಂದಳು.

ಪರದೇಶದಲ್ಲಿರುವ ನಮ್ಮ ಮಾತನ್ನು ನಂಬಿ ಊರಿನವರು ಜಮೀನು ಮಾರುತ್ತಾರೆ. ಅವರಿಗೆ ನಾವು ಕೊಡಬೇಕಾದ ಉತ್ತರ ಅದೇ: "ಗೊತ್ತಿಲ್ಲ, ತಿಳಿದವರನ್ನು ಕೇಳಿ ಹೇಳುತ್ತೇನೆ."