ಪೇಟಿ, ತಬಲಾ ಮತ್ತು ಇಬ್ಬರ ಬದುಕು

ಶ್ರಾವಣ ಮಾಸ ಬಂತೆಂದರೆ ಗದಗ-ಬೆಟಗೇರಿ ಅವಳಿ ನಗರದಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದ ಮಠ-ಗುಡಿಗಳಲ್ಲಿ ಪುರಾಣ ಪ್ರವಚನಗಳು ಆರಂಭವಾಗುತ್ತವೆ. ಆಮಂತ್ರಣ ಪತ್ರಿಕೆಯಲ್ಲಿ ಶ್ರೀಗಳ ಹಾಗೂ ಪ್ರವಚನಕಾರರ ಹೆಸರುಗಳ ಕೆಳಗೆ, ಸಣ್ಣ ಅಕ್ಷರಗಳಲ್ಲಿ ಇನ್ನೆರಡು ಹೆಸರುಗಳಿರುತ್ತವೆ. ಒಂದು ಸಂಗೀತ ಸೇವೆಯ ಗವಾಯಿಗಳದು, ಇನ್ನೊಂದು ತಬಲಾ ಸಾಥ್ ನೀಡುವವರದು.

ಚಿತ್ರರಂಗದ ಹಂಗಿಲ್ಲದೆ ತಮ್ಮ ಸಂಗೀತವನ್ನು ತಾವೇ ನಂಬಿ ಬದುಕುವ ಇಬ್ಬರ ತಂಡಗಳಿಗೆ ನಗರಗಳಲ್ಲಿ ‘ಇಂಡಿ ಪಾಪ್’ ಜೋಡಿ ಎಂಬ ಹೆಸರಿದೆ. ಅದನ್ನು ಹೊಸ ಕಾಲದ ವೃತ್ತಿಯೆಂದು ಭಾವಿಸುವುದುಂಟು. ಆದರೆ ಅರಮನೆಯ ಆಶ್ರಯವಾಗಲಿ ಸಿನಿಮಾದ ಸಂಭಾವನೆಯಾಗಲಿ ಇಲ್ಲದೆ, ಜನಪ್ರಿಯ ಹಾಡುಗಳನ್ನೇ ನಂಬಿದ ಇಂಥ ಜೋಡಿಗಳು ಗದಗ ಸೀಮೆಯಲ್ಲಿ ಹಲವು ದಶಕಗಳಿಂದಲೂ ಇವೆ. ಇವುಗಳಲ್ಲಿ ಅನೇಕವುಗಳ ಮೂಲ ಗದಗಿನ ವೀರೇಶ್ವರ ಪುಣ್ಯಾಶ್ರಮ.

ಜೋಳಿಗೆಯಿಂದ ರಂಗಭೂಮಿಗೆ

ಆಶ್ರಮದ ಸ್ಥಾಪಕರಾದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಸೀಮೆಯವರು. ಅವರಿಗೂ ಅವರ ಅಣ್ಣನಿಗೂ ದೃಷ್ಟಿ ಇರಲಿಲ್ಲ. ಸಹೋದರರ ಸಂಗೀತದ ಒಲವನ್ನು ಗುರುತಿಸಿ ಅವರಿಗೆ ಶಿಕ್ಷಣದ ದಾರಿ ತೋರಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅಣ್ಣ ಅಕಾಲದಲ್ಲಿ ತೀರಿಕೊಂಡರು. ತಮ್ಮ ಕರ್ನಾಟಕ ಹಾಗೂ ಹಿಂದೂಸ್ತಾನಿ ಪದ್ಧತಿಗಳೆರಡನ್ನೂ ಕಲಿತು, ಅಂಧ ಹಾಗೂ ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ಅಲೆಯುವ ಸಂಚಾರಿ ಪಾಠಶಾಲೆಯನ್ನು ನಡೆಸಿದರು. ಆ ಅಲೆದಾಟ ಕೊನೆಗೆ ಗದಗಿನಲ್ಲಿ ನೆಲೆ ಕಂಡಿತು.

ಮಕ್ಕಳ ಅನ್ನಕ್ಕೆ ಹಣವೆಲ್ಲಿಂದ? ಭಕ್ತರ ಭಿಕ್ಷೆ ಸಾಲದಾದಾಗ ಅವರು ಕಂಡುಕೊಂಡ ಮಾರ್ಗ ನಾಟಕ ಕಂಪನಿ. ಅಂದಿನ ಜನಪ್ರಿಯ ಸಂಗೀತವೆಂದರೆ ರಂಗಗೀತೆಯೇ ಆಗಿತ್ತು. ಟಿಕೆಟ್ಟಿನ ಹಣ ಮಕ್ಕಳ ಊಟಕ್ಕೂ ಪಾಠಕ್ಕೂ ಒದಗಿತು. ಅವರ ಉತ್ತರಾಧಿಕಾರಿ ಪುಟ್ಟರಾಜ ಗವಾಯಿಗಳು (1914-2010) ನಾಟಕಗಳನ್ನು ಬರೆದರು, ಹಲವು ವಾದ್ಯಗಳನ್ನು ನುಡಿಸಿದರು, ಭಕ್ತರು ನೆರವೇರಿಸಿದ ತುಲಾಭಾರಗಳ ಹಣವನ್ನು ಆಶ್ರಮಕ್ಕೇ ಸಲ್ಲಿಸಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ಸಂದಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ಲಿಂಗೈಕ್ಯರಾದರು.

ಜೋಡಿಯ ಕೆಲಸವೇನು?

ಆಶ್ರಮದಲ್ಲಿ ಪ್ರಸಾದ, ವಸತಿ, ಪಾಠ ಎಲ್ಲವೂ ಉಚಿತ. ಕಲಿಕೆ ಬಹುಮಟ್ಟಿಗೆ ಕಿವಿಯಿಂದಲೇ ಸಾಗುವುದರಿಂದ ದೃಷ್ಟಿಯಿಲ್ಲದ ವಿದ್ಯಾರ್ಥಿ ಹಿಂದೆ ಬೀಳುವುದಿಲ್ಲ. ಒಬ್ಬನಿಗೆ ಗಾಯನ ಮತ್ತು ಪೇಟಿ ಒಲಿದರೆ ಇನ್ನೊಬ್ಬನಿಗೆ ತಬಲಾ ಒಲಿಯುತ್ತದೆ. ವರ್ಷಗಟ್ಟಲೆ ಒಂದೇ ಸೂರಿನಡಿ ಅಭ್ಯಾಸ ಮಾಡಿದವರು ಹೊರಗೆ ಬಂದ ಮೇಲೆ ಜೊತೆಯಾಗುವುದು ಸಹಜ.

ಪ್ರವಚನದಲ್ಲಿ ಇವರ ಹೊಣೆ ಹಗುರವಾದುದಲ್ಲ. ಪ್ರವಚನಕಾರರು ಕಥೆಯನ್ನು ಒಂದು ಘಟ್ಟಕ್ಕೆ ತಂದು ನಿಲ್ಲಿಸಿದೊಡನೆ, ಆ ಸಂದರ್ಭಕ್ಕೆ ಒಪ್ಪುವ ವಚನವನ್ನೋ ತತ್ವಪದವನ್ನೋ ಗವಾಯಿಗಳು ತಕ್ಷಣ ಎತ್ತಿಕೊಳ್ಳಬೇಕು. ಯಾವ ಹಾಡು, ಯಾವ ಲಯ ಎಂಬುದನ್ನು ತಬಲಾದವರು ಮೊದಲ ಸಾಲಿನಲ್ಲಿಯೇ ಗ್ರಹಿಸಬೇಕು. ನೂರಾರು ಹಾಡುಗಳು ಕಂಠಸ್ಥವಾಗಿರದೆ ಇದು ಸಾಧ್ಯವಿಲ್ಲ. ಪ್ರತಿಫಲವಾಗಿ ದೊರೆಯುವುದು ಕಾಣಿಕೆ. ಅದರ ಪ್ರಮಾಣ ಊರಿನ ಮಳೆ-ಬೆಳೆಯನ್ನು ಅವಲಂಬಿಸಿರುತ್ತದೆ. ಶ್ರಾವಣ ಕಳೆದ ಮೇಲೆ ಜಾತ್ರೆಗಳು, ನಾಟಕಗಳು, ಮನೆಪಾಠ ಇವರ ಆಸರೆ.

ಕೀರ್ತಿ ಕೆಲವರಿಗೆ

ಪಂಚಾಕ್ಷರಿ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರು, ಪುಟ್ಟರಾಜರ ಬಳಿ ಹನ್ನೆರಡು ವರ್ಷ ಕಲಿತು 2016ರಲ್ಲಿ ಪದ್ಮಶ್ರೀ ಪಡೆದ ಎಂ. ವೆಂಕಟೇಶ ಕುಮಾರ್ ಮೊದಲಾದವರು ರಾಷ್ಟ್ರಮಟ್ಟದ ವೇದಿಕೆಗಳನ್ನು ಏರಿದರು. ಉಳಿದ ಬಹುಪಾಲು ಶಿಷ್ಯರ ಹೆಸರು ಆಮಂತ್ರಣ ಪತ್ರಿಕೆಯಿಂದಾಚೆಗೆ ಹೋಗಿಲ್ಲ. ಆದರೆ ಹಳ್ಳಿಯ ರೈತನಿಗೆ ಭೀಮಪಲಾಸವನ್ನೂ ಭೈರವಿಯನ್ನೂ, ರಾಗದ ಹೆಸರು ಹೇಳದೆಯೇ, ಪರಿಚಯಿಸಿದವರು ಇವರೇ.

ಲಕ್ಷ್ಮೇಶ್ವರಕ್ಕೆ ಹೆಚ್ಚು ದೂರವಿಲ್ಲದ ಶಿಶುನಾಳದ ಷರೀಫರ ತತ್ವಪದಗಳು ಇದಕ್ಕೊಂದು ನಿದರ್ಶನ. ಬೆಂಗಳೂರಿನ ರಘು ದೀಕ್ಷಿತ್ ಅವುಗಳನ್ನು ಗಿಟಾರಿನೊಂದಿಗೆ ಹಾಡಿ ವಿದೇಶಗಳ ವೇದಿಕೆಗಳಿಗೂ ಕೊಂಡೊಯ್ದರು. ಅದಕ್ಕೂ ಬಹಳ ಮುಂಚಿನಿಂದ ಆ ಪದಗಳನ್ನು ಮಠದ ಅಂಗಳದಲ್ಲಿ ಜೀವಂತವಾಗಿ ಇರಿಸಿಕೊಂಡು ಬಂದವರಲ್ಲಿ ಪೇಟಿ-ತಬಲಾದ ಈ ಜೋಡಿಗಳೂ ಸೇರಿವೆ.

ಈ ವೃತ್ತಿ ಎಷ್ಟು ದುರ್ಬಲ ಎಂಬುದು 2020ರಲ್ಲಿ ಬಯಲಾಯಿತು. ಕೊರೊನಾ ಕಾರಣದಿಂದ ಜಾತ್ರೆ, ಪ್ರವಚನಗಳು ನಿಂತಾಗ ವರ್ಷದ ಗಳಿಕೆಯ ತಿಂಗಳುಗಳೇ ಬರಿದಾದವು. ಮುದ್ರಿತ ಸಂಗೀತಕ್ಕೆ ದನಿಗೂಡಿಸಿ ಹಾಡುವ ರೂಢಿ ಬೆಳೆದಿರುವುದರಿಂದ ತಬಲಾದವರ ಸ್ಥಾನಕ್ಕೆ ಕುತ್ತು ಬಂದಿದೆ. ಇಬ್ಬರಲ್ಲಿ ಒಬ್ಬರಿಗೆ ಕೆಲಸ ತಪ್ಪಿದರೆ ಜೋಡಿಯೇ ಮುರಿಯುತ್ತದೆ. ದೃಷ್ಟಿಯಿಲ್ಲದ ಕಲಾವಿದನ ಪಾಲಿಗೆ ಜೊತೆಗಾರನೆಂದರೆ ಸಾಥಿಯಷ್ಟೇ ಅಲ್ಲ, ಬಸ್ ನಿಲ್ದಾಣದಿಂದ ಮಠದವರೆಗೆ ಕೈಹಿಡಿದು ನಡೆಸುವವನೂ ಆಗಿರಬಹುದು.

ಪುಣ್ಯಾಶ್ರಮದಲ್ಲಿ ಪಾಠ ಇಂದಿಗೂ ನಡೆದಿದೆ. ಕಲಿತು ಹೊರಬರುವ ಇಬ್ಬರಿಗೆ ವರ್ಷದ ಹನ್ನೆರಡು ತಿಂಗಳೂ ಅನ್ನ ದೊರೆಯುವುದೇ ಎಂಬುದು, ಅವರನ್ನು ಕರೆಸುವ ಊರುಗಳು ಉತ್ತರಿಸಬೇಕಾದ ಪ್ರಶ್ನೆ.