ನಾಯಿಗೂ ಬೇಕೇ ಆರೋಗ್ಯ ವಿಮೆ?

‘ಡಾಕ್ಟ್ರೇ, ನಮ್ಮ ನಾಯಿಗೂ ಇನ್ಶೂರೆನ್ಸ್ ಮಾಡಿಸಬಹುದಂತೆ. ಮಾಡಿಸಿದ್ರೆ ಒಳ್ಳೇದಾ?’

ರಕ್ತದೊತ್ತಡ ತೋರಿಸಿಕೊಳ್ಳಲು ಬಂದವರು ಎದ್ದು ಹೊರಡುವಾಗ ಈಚೆಗೆ ಹೀಗೆ ಕೇಳುವುದುಂಟು. ನಾನು ಮನುಷ್ಯರ ವೈದ್ಯ. ನಾಯಿಯ ಹೊಟ್ಟೆನೋವಿಗೆ ನನ್ನಲ್ಲಿ ಔಷಧಿ ಇಲ್ಲ. ಆದರೆ ಈ ಪ್ರಶ್ನೆಯಲ್ಲಿ ನಾಯಿಯ ಆರೋಗ್ಯದ ಜೊತೆಗೆ ಮನೆಯವರ ಆರೋಗ್ಯವೂ ಸೇರಿಕೊಂಡಿದೆ. ಅದಕ್ಕಾಗಿ ಈ ವಾರ ಅದನ್ನೇ ತೆಗೆದುಕೊಂಡಿದ್ದೇನೆ.

ಪ್ರಾಣಿಗಳಿಗೆ ವಿಮೆ ನಮ್ಮ ಕಡೆ ಹೊಸ ಮಾತೇನಲ್ಲ. ಹಸು, ಎಮ್ಮೆಗಳಿಗೆ ವಿಮೆ ಮಾಡಿಸಿ ಕಿವಿಗೆ ಓಲೆ ಹಾಕಿಸುವುದು ರೈತರಿಗೆಲ್ಲ ಗೊತ್ತು. ಓಲೆ ಇಲ್ಲದಿದ್ದರೆ ಪರಿಹಾರವೂ ಇಲ್ಲ ಎಂಬುದೂ ಗೊತ್ತು. ಆದರೆ ಆ ವಿಮೆ ಮುಖ್ಯವಾಗಿ ಹಸು ಸತ್ತರೆ ಅದರ ಬೆಲೆಯನ್ನು ತುಂಬಿಕೊಡುವಂಥದು. ಸಾಕುನಾಯಿಯ ವಿಷಯ ಬೇರೆ. ಅದು ಸತ್ತ ಮೇಲೆ ಬರುವ ಹಣ ಯಾರಿಗೆ ಬೇಕು? ಬೇಕಾದದ್ದು ಅದನ್ನು ಉಳಿಸಿಕೊಳ್ಳಲು ತಗಲುವ ಹಣ. 2020ರಲ್ಲಿ ಬಜಾಜ್ ಅಲಯನ್ಸ್ ಕಂಪನಿ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ವೆಚ್ಚಗಳೂ ಸೇರಿದ ನಾಯಿ ವಿಮೆಯನ್ನು ತಂದಿತು. ಆಮೇಲೆ ಇನ್ನೂ ಕೆಲವು ಕಂಪನಿಗಳು ಈ ದಾರಿ ಹಿಡಿದವು.

ನಾಯಿ ಸಾಕುವವರಿಗೆ ಬರುವ ಖರ್ಚು ಎರಡು ಬಗೆಯದು. ಒಂದು, ಮೊದಲೇ ಗೊತ್ತಿರುವಂಥದು: ಮೂರು ತಿಂಗಳಿಗೆ ಕೊಡಿಸಬೇಕಾದ ರೇಬೀಸ್ ಲಸಿಕೆ, ಅದರ ಮುಂದಿನ ವರ್ಷಗಳ ಚುಚ್ಚುಮದ್ದು, ಪಾರ್ವೋ, ಡಿಸ್ಟೆಂಪರ್ ಮತ್ತು ಇಲಿಜ್ವರದ ಲಸಿಕೆಗಳು, ಜಂತುಹುಳುವಿನ ಔಷಧಿ, ಉಣ್ಣೆ ಹತ್ತದಂತೆ ಹಚ್ಚುವ ಮದ್ದು. ಇವುಗಳಿಗೆ ಸಾಮಾನ್ಯವಾಗಿ ವಿಮೆಯಿಂದ ಹಣ ಬರುವುದಿಲ್ಲ. ಲಸಿಕೆ ಹಾಕಿಸದೆ ನಾಯಿಗೆ ಪಾರ್ವೋ ಬಂದರೆ ಕ್ಲೇಮು ತಿರಸ್ಕಾರವಾಗುವ ಸಂಭವವೇ ಹೆಚ್ಚು. ಮರಿಗಳಲ್ಲಿ ಪಾರ್ವೋ ಎಂದರೆ ವಾಂತಿ, ರಕ್ತಭೇದಿ, ದಿನಗಟ್ಟಲೆ ಡ್ರಿಪ್. ಎಷ್ಟೋ ಮರಿಗಳು ಉಳಿಯುವುದೇ ಇಲ್ಲ. ಆದ್ದರಿಂದ ಪಾಲಿಸಿಯ ಯೋಚನೆ ಲಸಿಕೆಯಾದ ಮೇಲೆ. ಇರುವ ಹಣ ಒಂದಕ್ಕೇ ಸಾಕಾಗುವುದಾದರೆ ಲಸಿಕೆಗೆ ಹಾಕಿ.

ಎರಡನೆಯದು ಹೇಳದೆ ಕೇಳದೆ ಬರುವಂಥದು. ನಾಯಿ ಮಾವಿನ ಓಟೆಯನ್ನು ನುಂಗಿ ಅದು ಕರುಳಿಗೆ ಅಡ್ಡ ಸಿಕ್ಕಿಕೊಳ್ಳುತ್ತದೆ. ಗೇಟು ತೆರೆದಿದ್ದ ಒಂದು ನಿಮಿಷದಲ್ಲಿ ಸ್ಕೂಟರಿಗೆ ಸಿಕ್ಕಿ ತೊಡೆಯ ಮೂಳೆ ಮುರಿಯುತ್ತದೆ. ಸಂತಾನಹರಣ ಮಾಡಿಸದ ಹೆಣ್ಣುನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬಿ ತುರ್ತಾಗಿ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ವಿಮೆ ಇರುವುದು ಇಂಥ ಸಂದರ್ಭಗಳಿಗೆ.

ನನ್ನಲ್ಲಿಗೆ ಬರುವ ನಿವೃತ್ತ ಶಿಕ್ಷಕಿಯೊಬ್ಬರ ಸಕ್ಕರೆ ಅಂಶ ಕಳೆದ ವರ್ಷ ಇದ್ದಕ್ಕಿದ್ದಂತೆ ಏರಿತು. ಊಟದಲ್ಲಿ ಬದಲಾವಣೆ ಇಲ್ಲ, ಮಾತ್ರೆಗಳೂ ಅವೇ. ಎರಡು ಮೂರು ಸಲ ವಿಚಾರಿಸಿದ ಮೇಲೆ ನಿಜ ಹೊರಬಂತು. ನಾಯಿಯ ಆಪರೇಷನ್ನಿಗೆ ಕೈಸಾಲ ಮಾಡಿದ್ದರು. ಅದನ್ನು ತೀರಿಸಲು ತಮ್ಮ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ‘ಅದು ಬಾಯಿಲ್ಲದ ಪ್ರಾಣಿ, ನಾನು ಹೇಗೋ ತಡ್ಕೋತೀನಿ’ ಎಂದರು. ಒಂಟಿಯಾಗಿರುವವರಿಗೆ ನಾಯಿ ಎಂದರೆ ಏನೆಂದು ನನಗೆ ಗೊತ್ತು. ಬೈಯಲು ಮನಸ್ಸು ಬರಲಿಲ್ಲ. ಆದರೆ ಸಕ್ಕರೆ ಕಾಯಿಲೆ ಹೀಗೆ ತಡೆದುಕೊಳ್ಳುವ ಕಾಯಿಲೆಯಲ್ಲ. ಇಂಥ ಮನೆಗಳಲ್ಲಿ ಒಂದೇ ಬಾರಿಗೆ ಬೀಳುವ ದೊಡ್ಡ ಖರ್ಚಿಗೆ ಮುಂಚಿತವಾಗಿ ಏನಾದರೂ ಏರ್ಪಾಡು ಇರಲೇಬೇಕು. ಅದು ವಿಮೆಯೇ ಆಗಬೇಕೆ ಎಂಬುದಷ್ಟೇ ಪ್ರಶ್ನೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ವರ್ಷದ ಕಂತು 4,000 ರೂಪಾಯಿ, ಚಿಕಿತ್ಸೆಯ ವಿಮಾ ಮೊತ್ತ 40,000, ಪ್ರತಿ ಕ್ಲೇಮಿನಲ್ಲೂ ಶೇ 20 ನಿಮ್ಮ ಪಾಲು ಎಂದಿಟ್ಟುಕೊಳ್ಳಿ. ಆರು ವರ್ಷಕ್ಕೆ ನೀವು ಕಟ್ಟುವುದು 24,000. ಈ ಅವಧಿಯಲ್ಲಿ 30,000 ರೂಪಾಯಿಯ ಒಂದು ಶಸ್ತ್ರಚಿಕಿತ್ಸೆ ಆದರೆ ಕಂಪನಿ ಕೊಡುವುದೂ 24,000. ಅಲ್ಲಿಂದಲ್ಲಿಗೆ ಸರಿಹೋಯಿತು. ಏನೂ ಆಗದಿದ್ದರೆ ಹಣ ಹೋಯಿತು. ಎರಡು ಸಲ ಆದರೆ ನಿಮಗೆ ಲಾಭ. ಅದರ ಬದಲು ತಿಂಗಳಿಗೆ 350 ರೂಪಾಯಿಯಂತೆ ನಾಯಿಯ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕಟ್ಟುತ್ತ ಬಂದರೆ ಆರು ವರ್ಷಕ್ಕೆ ಬಡ್ಡಿ ಬಿಟ್ಟು 25,200 ಕೈಯಲ್ಲಿರುತ್ತದೆ. ಆದರೆ ಓಟೆ ನುಂಗುವ ನಾಯಿ ಆರು ವರ್ಷ ಕಾಯುತ್ತದೆಯೇ? ನಾಲ್ಕನೇ ತಿಂಗಳಲ್ಲೇ ನುಂಗಿದರೆ ಖಾತೆಯಲ್ಲಿರುವುದು 1,400 ರೂಪಾಯಿ. ವಿಮೆಯ ಪರವಾಗಿ ಹೇಳಬಹುದಾದ ಬಲವಾದ ಮಾತು ಇದೊಂದೇ.

ಇನ್ನು ಷರತ್ತುಗಳು. ಏಜೆಂಟರು ಇವನ್ನು ಬೇಗ ಬೇಗ ಓದಿ ಮುಗಿಸುತ್ತಾರೆ, ನೀವು ನಿಧಾನವಾಗಿ ಓದಿ. ಪಾಲಿಸಿ ಮಾಡಿಸಿದ ಮೊದಲ ಕೆಲವು ವಾರ ಕಾಯಿಲೆಗಳಿಗೆ ಪರಿಹಾರ ಇರುವುದಿಲ್ಲ. ಮೊದಲೇ ಇದ್ದ ಕಾಯಿಲೆಗೆ ಇಲ್ಲ. ಇಂತಿಷ್ಟು ವಯಸ್ಸು ದಾಟಿದ ನಾಯಿಯನ್ನು ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಜಾತಿಗಳಲ್ಲಿ ಕಾಣುವ ಸೊಂಟದ ಕೀಲಿನ ತೊಂದರೆಯಂಥ ವಂಶಪಾರಂಪರ್ಯ ಕಾಯಿಲೆಗಳು ಸೇರಿವೆಯೇ ಎಂದು ಕೇಳಿಯೇ ತಿಳಿಯಬೇಕು. ನಮ್ಮಲ್ಲಿ ಸಾಮಾನ್ಯವಾದ ಉಣ್ಣೆ ಜ್ವರವನ್ನೂ ಹೆಸರು ಹಿಡಿದು ಕೇಳಿ. ಆಸ್ಪತ್ರೆಗೆ ಸೇರಿಸದೆ ದಿನಾ ಕರೆದೊಯ್ದು ಚುಚ್ಚುಮದ್ದು ಕೊಡಿಸಿದರೆ ಹಣ ಬರುತ್ತದೆಯೇ ಎಂಬುದನ್ನಂತೂ ಮರೆಯಬೇಡಿ. ನಾಯಿಗಳ ಚಿಕಿತ್ಸೆ ಬಹುಪಾಲು ನಡೆಯುವುದೇ ಹಾಗೆ.

ಕೆಲವು ಪಾಲಿಸಿಗಳಲ್ಲಿ ನಿಮ್ಮ ನಾಯಿ ಬೇರೆಯವರನ್ನು ಕಚ್ಚಿದರೆ ನೀವು ತೆರಬೇಕಾದ ಪರಿಹಾರವೂ ಸೇರಿರುತ್ತದೆ. ಪಕ್ಕದ ಮನೆಯ ಮಕ್ಕಳು ಓಡಾಡುವ ವಠಾರದಲ್ಲಿ ಇದು ಉಪಯೋಗದ ಮಾತೇ. ಆದರೆ ವಿಮೆ ಇದೆ ಎಂದು ಯಾರೂ ನಿಶ್ಚಿಂತರಾಗಬಾರದು. ಕಚ್ಚಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು, ಅರಿಶಿನ, ಸುಣ್ಣ ಏನನ್ನೂ ಮೆತ್ತದೆ, ಅಂದೇ ಆಸ್ಪತ್ರೆಗೆ ಕರೆತರಬೇಕು. ರೇಬೀಸ್ ಬಂದ ಮೇಲೆ ಯಾವ ವಿಮೆಯೂ ಉಳಿಸದು, ಯಾವ ಡಾಕ್ಟರೂ ಉಳಿಸಲಾರ.

ಹಾಗಾದರೆ ಯಾರು ಮಾಡಿಸಬೇಕು? ನಾಯಿ ಎಳೆಯದು, ಮನೆಗೆ ಬರುವುದು ತಿಂಗಳ ಸಂಬಳ ಅಥವಾ ಪಿಂಚಣಿ ಮಾತ್ರ, ಇಪ್ಪತ್ತು ಮೂವತ್ತು ಸಾವಿರ ಒಂದೇ ದಿನದಲ್ಲಿ ಹೊಂದಿಸಲಾಗದು ಎನ್ನುವವರು ಮಾಡಿಸಲಿ, ತಪ್ಪಿಲ್ಲ. ಎಂಟು ಹತ್ತು ವರ್ಷದ ಮುದಿ ನಾಯಿಗೆ ಈಗ ಪಾಲಿಸಿ ಹುಡುಕಿ ಪ್ರಯೋಜನ ಕಡಿಮೆ. ಪ್ರತಿ ತಿಂಗಳೂ ಹಣ ಎತ್ತಿಡುವುದೇ ವಾಸಿ. ಕೈಯಲ್ಲಿ ನಾಲ್ಕು ಕಾಸು ಇರುವವರಿಗೆ ವಿಮೆಯ ಅಗತ್ಯ ಅಷ್ಟಾಗಿ ಇಲ್ಲ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳ ಪಶುವೈದ್ಯಕೀಯ ಕಾಲೇಜುಗಳ ಹತ್ತಿರವಿರುವವರಿಗೆ ಅಲ್ಲಿನ ಆಸ್ಪತ್ರೆಗಳೇ ದೊಡ್ಡ ಆಸರೆ. ಸರದಿಯಲ್ಲಿ ಕಾಯುವ ತಾಳ್ಮೆ ಬೇಕು, ಅಷ್ಟೆ. ಮನೆಯ ಹಿರಿಯರಿಗೇ ಇನ್ನೂ ಆರೋಗ್ಯ ವಿಮೆ ಇಲ್ಲದಿದ್ದರೆ ಮೊದಲು ಅದನ್ನು ನೋಡಿ ಎಂದು ವೈದ್ಯನಾಗಿ ಹೇಳಲೇಬೇಕು.

ಸಹಿ ಹಾಕುವ ಮುನ್ನ ಷರತ್ತುಗಳ ಪ್ರತಿಯನ್ನು ಪಶುವೈದ್ಯರ ಬಳಿ ಒಯ್ಯಿರಿ. ಹಿಂದಿನ ವರ್ಷ ನಾಯಿಗೆ ಆದ ಖರ್ಚಿನ ಚೀಟಿಗಳನ್ನೂ ಜೊತೆಗಿಟ್ಟುಕೊಳ್ಳಿ. ಈ ಪಾಲಿಸಿ ಆಗಲೇ ಇದ್ದಿದ್ದರೆ ಯಾವ ಯಾವ ಚೀಟಿಗೆ ಹಣ ಬರುತ್ತಿತ್ತು ಎಂದು ಒಂದೊಂದನ್ನೇ ತೋರಿಸಿ ಕೇಳಿ ನೋಡಿ.