ಕಾವೇರಿಗೆ ಸಿಗದ ಗೆಳೆತನ... ಮೋಹಿನಿಗೆ ಸಿಕ್ಕ ನೆಮ್ಮದಿ!

ಬೆಕ್ಕಿನ ಕಣ್ಣಿನ ಚೆಲುವೆ ಮೋಹಿನಿಯನ್ನು ಯಾರು ತಾನೇ ಮರೆತಾರು? ‘ಶ್ರೀರಾಮಚಂದ್ರ’ದಲ್ಲಿ (1992) ರವಿಚಂದ್ರನ್ ಜೋಡಿ, ‘ಗಡಿಬಿಡಿ ಅಳಿಯ’ದಲ್ಲಿ (1995) ಶಿವರಾಜ್‌ಕುಮಾರ್ ಜೊತೆ, ‘ಲಾಲಿ’ಯಲ್ಲಿ (1997) ವಿಷ್ಣುವರ್ಧನ್ ಎದುರು ನಿಂತ ಬೆಡಗಿ. ತಮಿಳಿನ ‘ಈರಮಾನ ರೋಜಾವೇ’ಯಿಂದ 1991ರಲ್ಲಿ ಬೆಳಕಿಗೆ ಬಂದು, ಅದೇ ವರ್ಷ ಹಿಂದಿಯ ‘ಡ್ಯಾನ್ಸರ್’ನಲ್ಲಿ ಅಕ್ಷಯ್ ಕುಮಾರ್ ಜೊತೆ ಹೆಜ್ಜೆ ಹಾಕಿದವರು. ಮಲಯಾಳದ ‘ಪರಿಣಯಂ’ (1994) ನೋಡಿದವರಂತೂ ‘ಇವಳು ಬರೀ ಗೊಂಬೆಯಲ್ಲ, ನಟಿ ಕಣ್ರೀ!’ ಅಂದಿದ್ದರು.

ಆಮೇಲೆ ಮದುವೆ, ಮಕ್ಕಳು, ಅಮೆರಿಕದ ವಾಸ. ಸಿನಿಮಾದವರ ಕಥೆ ಸಾಮಾನ್ಯವಾಗಿ ಇಲ್ಲಿಗೆ ‘ಶುಭಂ’! ಮೋಹಿನಿಯ ನಿಜವಾದ ಕಥೆ ಶುರುವಾಗಿದ್ದೇ ಇಲ್ಲಿಂದ.

ಒಳ್ಳೆಯ ಗಂಡ, ಮನೆ ತುಂಬ ಮಕ್ಕಳು, ಯಾವುದಕ್ಕೂ ಕೊರತೆಯಿಲ್ಲ. ಆದರೂ ಮನಸ್ಸು ಕತ್ತಲೆಯಲ್ಲಿ ಇಳಿಯುತ್ತಾ ಹೋಯಿತು. ಬದುಕೇ ಬೇಡ ಅನ್ನುವ ಮಟ್ಟಕ್ಕೆ ಹೋಗಿದ್ದೆ ಅಂತ ಅವರೇ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಹುಟ್ಟಿದ್ದು ಸಂಪ್ರದಾಯಸ್ಥ ಬ್ರಾಹ್ಮಣರ ಮನೆಯಲ್ಲಿ, ಮನೆಯವರು ಇಟ್ಟ ಹೆಸರು ಮಹಾಲಕ್ಷ್ಮಿ. ನೆಮ್ಮದಿ ಹುಡುಕುತ್ತಾ ಹುಡುಕುತ್ತಾ ಯೇಸುವಿನ ಬಳಿಗೆ ಬಂದರು. 2006ರಲ್ಲಿ ಕ್ರೈಸ್ತ ಧರ್ಮ ಸ್ವೀಕರಿಸಿ ಮೋಹಿನಿ ಕ್ರಿಸ್ಟಿನಾ ಆದರು. ತನ್ನನ್ನು ಮೇಲೆತ್ತಿದ್ದು ಆ ನಂಬಿಕೆಯೇ ಅನ್ನುತ್ತಾರೆ. ಕಥೋಲಿಕ ಸಭೆಗಳಲ್ಲಿ ಎದ್ದು ನಿಂತು, ತನ್ನಂತೆ ನೊಂದವರ ಮುಂದೆ ಮಾತಾಡುತ್ತಾರೆ.

ಯಾರು ಯಾವ ದೇವರಿಗೆ ಕೈ ಮುಗಿಯುತ್ತಾರೆ ಅನ್ನೋದು ಅವರವರ ಇಷ್ಟ. ಅದನ್ನು ಪ್ರಶ್ನಿಸೋಕೆ ನಾವ್ಯಾರು? ಆದರೆ ಈ ನಟಿಯ ಬದುಕಿನಲ್ಲಿ ನಮಗೆಲ್ಲಾ ಒಂದು ಪಾಠ ಇದೆ. ಖಿನ್ನತೆ ಕಾರಣ ಕೇಳಿಕೊಂಡು ಬರೋದಿಲ್ಲ! ‘ನಿನಗೇನಪ್ಪಾ ಕಮ್ಮಿ?’ ಅಂತ ಕೇಳುವವರಿಗೆ ಮೋಹಿನಿಯೇ ಉತ್ತರ.

ಕಾವೇರಿಯನ್ನು ಕೊಂದವರು ಯಾರು?

ಮೋಹಿನಿಗೆ ದಾರಿ ಸಿಕ್ಕಿತು. ದಾರಿ ಸಿಗದವಳನ್ನು ನಾವು ಬೆಳ್ಳಿತೆರೆಯ ಮೇಲೆ ನೋಡಿದ್ದೇವೆ. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ನಿರ್ದೇಶನ, ‘ಶರಪಂಜರ’. ಕಲ್ಪನಾ ಕಾವೇರಿಯಾಗಿ ಬಂದು ಇಡೀ ಕರ್ನಾಟಕವನ್ನೇ ಅಳಿಸಿದ ಚಿತ್ರ.

ಒಂದು ವಿಷಯ ಗಮನಿಸಿ. ಕಾವೇರಿಗೆ ಆಸ್ಪತ್ರೆಯಲ್ಲಿ ವಾಸಿಯಾಗಿತ್ತು. ಔಷಧಿ ಸೋಲಲಿಲ್ಲ, ಡಾಕ್ಟರು ಸೋಲಲಿಲ್ಲ. ಸೋತದ್ದು ಮನೆ, ಸೋತದ್ದು ಬೀದಿ. ಗಂಡ ದೂರವಾದ. ಅವಳು ನಕ್ಕರೂ ಅನುಮಾನ, ಅತ್ತರೂ ಅನುಮಾನ. ‘ಹುಚ್ಚಿ’ ಅನ್ನುವ ಪಟ್ಟ ಹಣೆಗೆ ಅಂಟಿಕೊಂಡಿತು. ಪಕ್ಕದಲ್ಲಿ ಕೂತು ‘ಊಟ ಆಯ್ತಾ ಕಾವೇರಿ?’ ಅಂತ ಮನಸಾರೆ ಕೇಳುವ ಒಂದು ಜೀವ ಇದ್ದಿದ್ದರೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಿರಲಿಲ್ಲ.

ಆ ಕಾವೇರಿಯನ್ನು ಅಮರಳಾಗಿಸಿದ ಮಿನುಗುತಾರೆ 1979ರ ಮೇ ತಿಂಗಳಲ್ಲಿ ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ ಕಣ್ಣು ಮುಚ್ಚಿದರು. ಆಗಿನ್ನೂ 35 ವರ್ಷ. ಆಕೆಗಾಗಿ ಚಿತ್ರಮಂದಿರಗಳ ಮುಂದೆ ನೂಕುನುಗ್ಗಲಾಗಿದ್ದ ಸಾವಿರಾರು ಅಭಿಮಾನಿಗಳಲ್ಲಿ ಅವತ್ತು ಜೊತೆಗಿದ್ದವರು ಎಷ್ಟು ಜನ? ಚಪ್ಪಾಳೆ ಬೇರೆ, ಗೆಳೆತನ ಬೇರೆ ಸ್ವಾಮೀ!

ಚಾಮರಾಜಪೇಟೆಯ ಡಾಕ್ಟರ್ ಸಂತ

ನಂಬಿಕೆ ಮತ್ತು ಗೆಳೆತನ ಒಂದೇ ದಾರಿಯಲ್ಲಿ ಹೇಗೆ ಸೇರುತ್ತವೆ ಅಂತ ತಿಳಿಯೋಕೆ ಅಮೆರಿಕಕ್ಕೆ ಹೋಗಬೇಕಾಗಿಲ್ಲ. ಮಾರ್ಕೆಟ್ಟಿನಲ್ಲಿ ಬಸ್ಸಿಳಿದು ಚಾಮರಾಜಪೇಟೆಗೆ ನಡೆಯಿರಿ. ಕನ್ನಡ ಸಾಹಿತ್ಯ ಪರಿಷತ್ತು ಇರುವ ಪಂಪ ಮಹಾಕವಿ ರಸ್ತೆಯಲ್ಲೇ ಸೇಂಟ್ ಲ್ಯೂಕ್ಸ್ ಚರ್ಚ್ ಸಿಗುತ್ತದೆ. ಮೊದಲು ಇದು ಕೋಟೆಯ ಬಳಿ ಫೋರ್ಟ್ ಚರ್ಚ್ ಆಗಿತ್ತು. ವಾಣಿವಿಲಾಸ ಆಸ್ಪತ್ರೆಗೆ ಜಾಗ ಬೇಕಾಯಿತು. ಚರ್ಚು ಎದ್ದು 1935ರಲ್ಲಿ ಚಾಮರಾಜಪೇಟೆಗೆ ಬಂತು. ದೇವರ ಮನೆ ರೋಗಿಗಳಿಗೆ ಜಾಗ ಬಿಟ್ಟುಕೊಟ್ಟಿತು!

ಲ್ಯೂಕ್ ಅಂದರೆ ಕನ್ನಡ ಬೈಬಲ್ಲಿನ ಲೂಕ. ಆತ ವೈದ್ಯ. ಒಳ್ಳೆಯ ಸಮಾರ್ಯದವನ ಕಥೆ ಇರುವುದು ಆತ ಬರೆದ ಸುವಾರ್ತೆಯಲ್ಲಿ ಮಾತ್ರ. ಕಳ್ಳರು ಬಡಿದು ದಾರಿಯಲ್ಲಿ ಬಿಸಾಕಿದ ಒಬ್ಬನನ್ನು ಪೂಜಾರಿಯೂ ನೋಡಿ ಮುಂದೆ ಹೋದ, ಇನ್ನೊಬ್ಬ ದೊಡ್ಡ ಮನುಷ್ಯನೂ ಹೋದ. ನಿಂತವನು ಬೇರೆ ಜಾತಿಯ ಸಮಾರ್ಯದವನು. ಗಾಯ ಕಟ್ಟಿದ, ತನ್ನ ಕತ್ತೆಯ ಮೇಲೆ ಕೂರಿಸಿದ, ಛತ್ರಕ್ಕೆ ಕರೆದೊಯ್ದು ಖರ್ಚಿಗೆ ದುಡ್ಡು ಕೊಟ್ಟ. ಉಪದೇಶ? ಒಂದು ಮಾತೂ ಇಲ್ಲ!

ಬೈಬಲ್ಲಿನಲ್ಲೇ ಎಲೀಯನ ಕಥೆ ಕೇಳಿ. ದೊಡ್ಡ ಪ್ರವಾದಿ. ರಾಣಿಯ ಬೆದರಿಕೆಗೆ ಹೆದರಿ ಓಡಿದ. ಜೊತೆಗಿದ್ದ ಆಳನ್ನು ಹಿಂದೆ ಬಿಟ್ಟು ಒಬ್ಬನೇ ಮರುಭೂಮಿಗೆ ಹೋಗಿ, ಗಿಡದ ಕೆಳಗೆ ಕೂತು, ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ ಅಂತ ದೇವರನ್ನು ಬೇಡಿದ. ದೇವರು ಬೈದನೇ? ಇಲ್ಲ. ದೂತ ಬಂದು ಬಿಸಿ ರೊಟ್ಟಿ, ನೀರು ಕೊಟ್ಟ. ಮಲಗಲು ಬಿಟ್ಟ. ಎಬ್ಬಿಸಿ ಮತ್ತೆ ಊಟ ಕೊಟ್ಟ. ಕೊನೆಗೆ ಎಲೀಷನೆಂಬ ಜೊತೆಗಾರನನ್ನೂ ತೋರಿಸಿದ. ಊಟ, ನಿದ್ದೆ, ಗೆಳೆಯ. ಇವತ್ತಿನ ಮನೋವೈದ್ಯರು ಮೊದಲು ವಿಚಾರಿಸುವುದೂ ಇದನ್ನೇ ಅಲ್ಲವೇ?

ಟೀ ಕೊಟ್ಟವರೇ ಗೆದ್ದರು!

ಲೂಕನ ಕಥೆಯನ್ನು ಲಂಡನ್ನಿನ ಒಬ್ಬ ಪಾದ್ರಿ ನಿಜ ಮಾಡಿ ತೋರಿಸಿದ. ಹೆಸರು ಚಾಡ್ ವಾರಾ. ಹುಡುಗರ ಕಾಮಿಕ್ಸ್ ಪತ್ರಿಕೆಗಳಿಗೂ ಬರೆಯುತ್ತಿದ್ದ ಆಸಾಮಿ! ಪಾದ್ರಿಯಾದ ಹೊಸದರಲ್ಲಿ, 1935ರಲ್ಲಿ, 14 ವರ್ಷದ ಹುಡುಗಿಯೊಬ್ಬಳ ಶವಸಂಸ್ಕಾರ ಮಾಡಬೇಕಾಯಿತು. ಮೊದಲ ಸಲ ಮುಟ್ಟಾದಾಗ ಏನೋ ಕೆಟ್ಟ ರೋಗ ಅಂತ ಹೆದರಿ ಪ್ರಾಣ ಬಿಟ್ಟಿದ್ದಳು. ಕೇಳೋಕೆ ಅವಳಿಗೆ ಒಬ್ಬರೂ ಇರಲಿಲ್ಲ. ಆ ಸಾವು ವಾರಾನನ್ನು ಬಿಡಲೇ ಇಲ್ಲ.

1953ರ ನವೆಂಬರ್ 2ರಂದು ತನ್ನ ಚರ್ಚಿನಲ್ಲಿ ಒಂದು ಫೋನ್ ಇಟ್ಟು, ಸಾಯಬೇಕು ಅನ್ನಿಸಿದವರು ನನಗೆ ಫೋನ್ ಮಾಡಿ ಅಂದ. ಆತ್ಮಹತ್ಯೆಯ ಪ್ರಯತ್ನ ಅಲ್ಲಿ ಆಗ ಅಪರಾಧ. ಆದರೂ ಜನ ಬಂದರು, ಸಾಲುಗಟ್ಟಿ ಬಂದರು. ಕಾಯುತ್ತಾ ಕೂತವರಿಗೆ ಟೀ ಕೊಡೋಕೆ, ಮಾತಾಡಿಸೋಕೆ ಕೆಲವು ಸ್ವಯಂಸೇವಕರು ನಿಂತರು.

ಆಗ ನಡೆಯಿತು ನೋಡಿ ಚಮತ್ಕಾರ! ಟೀ ಕುಡಿದು ಮನಸ್ಸು ಬಿಚ್ಚಿ ಮಾತಾಡಿದ ಎಷ್ಟೋ ಜನ ಪಾದ್ರಿಯನ್ನು ನೋಡದೆಯೇ ಹಗುರಾಗಿ ಮನೆಗೆ ಹೋದರು. ವಾರಾ ಜಾಣ. ಕೆಲಸ ಮಾಡುತ್ತಿರುವುದು ತನ್ನ ಪಾಂಡಿತ್ಯವಲ್ಲ, ಅವರ ಕಿವಿ ಅಂತ ಅರ್ಥ ಮಾಡಿಕೊಂಡ. 1954ರಲ್ಲಿ ಕೆಲಸವನ್ನೆಲ್ಲ ಆ ಸ್ವಯಂಸೇವಕರಿಗೇ ಒಪ್ಪಿಸಿದ. ಅದೇ ‘ಸಮಾರಿಟನ್ಸ್’ ಸಂಸ್ಥೆ. ಬಂದವರ ಮುಂದೆ ಮತದ ಪ್ರಚಾರ ಮಾಡಕೂಡದು ಅನ್ನುವುದು ಅವರ ನಿಯಮ.

ನಮ್ಮ ಬೆಂಗಳೂರಲ್ಲೇ ಇದೆ

ಇಂಥ ಕೆಲಸ ಬೆಂಗಳೂರಿಗೂ ಬಂತು. 1964ರಲ್ಲೇ ಇಲ್ಲಿ ‘ಮೆಡಿಕೋ ಪ್ಯಾಸ್ಟೋರಲ್ ಅಸೋಸಿಯೇಷನ್’ ಹುಟ್ಟಿತು. ಹೆಸರಲ್ಲೇ ಇದೆ ನೋಡಿ, ಮೆಡಿಕೋ ಅಂದರೆ ಡಾಕ್ಟರು, ಪ್ಯಾಸ್ಟೋರಲ್ ಅಂದರೆ ಪಾದ್ರಿಯ ಆರೈಕೆ. ಔಷಧಿಯೂ ಬೇಕು, ಆಸರೆಯೂ ಬೇಕು ಅನ್ನುವ ಲೆಕ್ಕ. ಮಾನಸಿಕ ರೋಗದಿಂದ ಚೇತರಿಸಿಕೊಂಡವರಿಗೆ ‘ಹಾಫ್‌ವೇ ಹೋಮ್’ ಅನ್ನುವ ಮನೆಯನ್ನು ಭಾರತದಲ್ಲಿ ಮೊದಲು ತೆರೆದವರು ಇವರು. ಆಸ್ಪತ್ರೆಯಿಂದ ಬಿಟ್ಟಿದ್ದಾರೆ, ಆದರೆ ಮನೆಗೆ, ಬೀದಿಗೆ ಮುಖ ತೋರಿಸುವ ಧೈರ್ಯ ಇನ್ನೂ ಬಂದಿಲ್ಲ. ಅಂಥವರು ನಾಲ್ಕು ಜನರ ಜೊತೆ ಉಂಡು, ಕೆಲಸ ಮಾಡಿ, ಮತ್ತೆ ಬದುಕು ಕಲಿಯುವ ಜಾಗ. ನಮ್ಮ ಕಾವೇರಿಗೆ ಬೇಕಾಗಿದ್ದದ್ದು ಇದೇ!

2002ರಲ್ಲಿ ಇದೇ ಸಂಸ್ಥೆ ನಿಮ್ಹಾನ್ಸ್ ಮತ್ತು ರೋಟರಿಯವರ ಜೊತೆ ಸೇರಿ ‘ಸಹಾಯ್’ ಫೋನ್ ಸೇವೆ ಶುರು ಮಾಡಿತು. ಲಂಡನ್ನಿನ ಆ ಫೋನಿನ ಗಂಟೆ 49 ವರ್ಷದ ಮೇಲೆ ಬೆಂಗಳೂರಿನಲ್ಲೂ ಬಾರಿಸಿತು.

ರೂಮಿನ ಹುಡುಗರೇ, ಕೇಳಿ

ಈಗ ನಮ್ಮ ವಿಷಯಕ್ಕೆ ಬರೋಣ. ಶ್ರೀರಾಂಪುರದಲ್ಲೋ ಚಾಮರಾಜಪೇಟೆಯಲ್ಲೋ ಮೂರು ಜನ ಸೇರಿ ಒಂದು ರೂಮು. ಒಬ್ಬ ಪ್ರೆಸ್ಸಿನಲ್ಲಿ, ಒಬ್ಬ ಹೋಟೆಲಿನಲ್ಲಿ, ಇನ್ನೊಬ್ಬ ಗಾಂಧಿನಗರದಲ್ಲಿ ಚಾನ್ಸ್ ಹುಡುಕುತ್ತಾ. ಫಸ್ಟ್ ಶೋಗೆ ಎಲ್ಲರಿಗಿಂತ ಮೊದಲು ಕ್ಯೂನಲ್ಲಿ ನಿಲ್ಲುತ್ತಿದ್ದವನು ‘ನೀವು ಹೋಗ್ರೋ, ನಂಗೆ ಬೇಡ’ ಅಂತಾನೆ. ಸ್ನಾನ ಇಲ್ಲ, ಊಟ ಸೇರಲ್ಲ, ರಾತ್ರಿ ಮೂರಕ್ಕೇ ಎದ್ದು ಕೂರ್ತಾನೆ. ‘ಲವ್ ಫೇಲ್ಯೂರ್ ಕಣೋ’ ಅಂತ ನಗಬೇಡಿ. ಇದೇ ಸ್ಥಿತಿ ಎರಡು ವಾರ ಮುಂದುವರಿದರೆ ಅದು ಬೇಜಾರಲ್ಲ, ಕಾಯಿಲೆ ಇರಬಹುದು. ಕಾಯಿಲೆಗೆ ಚಿಕಿತ್ಸೆ ಇದೆ.

ಪಕ್ಕದಲ್ಲಿ ಕೂತುಕೊಳ್ಳಿ. ಬುದ್ಧಿ ಹೇಳಬೇಡಿ. ‘ಗಂಡಸಾಗಿ ಅಳ್ತೀಯಲ್ಲೋ’ ಅನ್ನಬೇಡಿ. ‘ಸಾಯಬೇಕು ಅನ್ನಿಸ್ತಾ ಇದೆಯಾ?’ ಅಂತ ನೇರವಾಗಿಯೇ ಕೇಳಿ. ಹಾಗೆ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನೋದು ತಪ್ಪು ನಂಬಿಕೆ. ಹೌದು ಅಂದರೆ ಅವನನ್ನು ಒಂಟಿಯಾಗಿ ಬಿಡಬೇಡಿ, ತಡಮಾಡದೆ ಆಸ್ಪತ್ರೆಗೆ ನೀವೇ ಜೊತೆಯಲ್ಲಿ ಹೋಗಿ. ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. 2022ರ ಅಕ್ಟೋಬರಿನಿಂದ ಸರ್ಕಾರದ ‘ಟೆಲಿ ಮಾನಸ್’ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕಾಸಿಲ್ಲದೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪೊಲೀಸ್ ಕೇಸ್ ಆಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿರುವವರೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯಿದೆ ಅಂಥವರನ್ನು ಅಪರಾಧಿ ಅನ್ನುವುದಿಲ್ಲ, ತೀವ್ರ ಒತ್ತಡದಲ್ಲಿರುವವರು ಅನ್ನುತ್ತದೆ. ಶಿಕ್ಷೆ ಕೊಡಬೇಡಿ, ಆರೈಕೆ ಮಾಡಿ ಅನ್ನುತ್ತದೆ.

ಪ್ರಾರ್ಥನೆಯಿಂದ ಬಲ ಬರುವವರು ಪ್ರಾರ್ಥಿಸಲಿ. ಚರ್ಚಿನ ಬೆಂಚೋ, ದೊಡ್ಡ ಬಸವನ ಗುಡಿಯ ಮೆಟ್ಟಿಲೋ, ದರ್ಗಾದ ಅಂಗಳವೋ, ಮನಸ್ಸು ತಣ್ಣಗಾಗುವ ಕಡೆ ಕೂರಲಿ. ಆದರೆ ಪ್ರಾರ್ಥನೆ ಇದೆ ಅಂತ ಮಾತ್ರೆ ಬಿಡಬೇಡಿ, ಮಾತ್ರೆ ಇದೆ ಅಂತ ಗೆಳೆಯನನ್ನು ಬಿಡಬೇಡಿ. ವೈದ್ಯನಾಗಿದ್ದ ಲೂಕನೇ ಆ ದಾರಿಹೋಕನ ಕಥೆ ಬರೆದದ್ದು ಅನ್ನೋದು ನೆನಪಿರಲಿ.

ಮುಂದಿನ ಶುಕ್ರವಾರ ಹೊಸ ಚಿತ್ರ ಬಿಡುಗಡೆ ಆಗುತ್ತದಲ್ಲ? ಟಿಕೆಟ್ ಒಂದಲ್ಲ, ಎರಡು ತಗೊಳ್ಳಿ. ಬರಲ್ಲ ಅಂದವನ ಬಾಗಿಲು ಮೊದಲು ತಟ್ಟಿ. ಬರದಿದ್ದರೆ ಪರವಾಗಿಲ್ಲ, ಸಿನಿಮಾ ಎಲ್ಲಿಗೂ ಓಡಿಹೋಗಲ್ಲ. ಎರಡು ಟೀ ತರಿಸಿ, ಅವನ ಪಕ್ಕದಲ್ಲೇ ಕೂತುಬಿಡಿ.